ಇಲ್ಲದ ಊರಿಗೆ ಸಲ್ಲುವ ಹೆಸರು

ಹೋದ ಬೇಸಗೆಯ ರಜೆಯಲ್ಲಿ ಹಾಸನದಿಂದ ಮೈಸೂರಿಗೆ ಬಂದು ನಮ್ಮ ಮನೆಯಲ್ಲಿ ಮೂರು ವಾರ ಉಳಿದಿದ್ದ ನನ್ನ ಸೋದರಳಿಯನು, ಒಂದು ಸಂಜೆ, ತಾನು ಇಂಗ್ಲಿಷಿನಲ್ಲಿ ಬರೆದಿದ್ದ ಒಂದೇ ಒಂದು ವಾಕ್ಯವನ್ನು ನನ್ನ ಮುಂದಿಟ್ಟು, ಇದನ್ನು ಹೀಗೆಯೇ ಬಿಡಬಹುದೇ, ತಿದ್ದಬೇಕೇ ಎಂದು ಕೇಳಿದನು. ವೀಡಿಯೊ ಗೇಮುಗಳನ್ನು ಆಡುವುದರಲ್ಲಿ ಅವನಿಗೆ ಎಷ್ಟು ಉತ್ಸಾಹವುಂಟೋ, ಆಡಿ ಮುಗಿಸಿದ ಮೇಲೆ ಅವುಗಳ ಕಥೆ ನಡೆಯುವ ನೆಲವನ್ನೂ ಕಾಲವನ್ನೂ ವಿವರಿಸಿ ಬರೆಯುವುದರಲ್ಲಿಯೂ ಅಷ್ಟೇ ಉತ್ಸಾಹವುಂಟು. ಇಂಥವರು ಲೋಕದಲ್ಲೆಲ್ಲ ಇದ್ದಾರೆ. ಹೆಸರಾದ ಒಂದೊಂದು ಆಟಕ್ಕೂ ಅದರ ಅಭಿಮಾನಿಗಳು ಕೂಡಿ ಒಂದೊಂದು ವಿಕಿಯನ್ನು, ಎಂದರೆ ಯಾರು ಬೇಕಾದರೂ ಬರೆಯಬಹುದಾದ, ಯಾರು ಬರೆದುದನ್ನು ಯಾರು ಬೇಕಾದರೂ ತಿದ್ದಬಹುದಾದ ಒಂದು ಕೋಶವನ್ನು, ಕಟ್ಟಿಕೊಂಡಿದ್ದಾರೆ. ೧೯೯೫ರಲ್ಲಿ ವಾರ್ಡ್ ಕನಿಂಗ್‌ಹ್ಯಾಮ್ ಎಂಬ ಅಮೆರಿಕದ ತಂತ್ರಜ್ಞನು ಈ ಬಗೆಯ ಕೂಡುಬರವಣಿಗೆಗೆ ಮೊದಲ ತಾಣವನ್ನು ತೆರೆದಾಗ, 'ಬೇಗ' ಎಂಬ ಅರ್ಥದ ಹವಾಯಿ ಭಾಷೆಯ ಮಾತೊಂದನ್ನು ಅದಕ್ಕೆ ಹೆಸರಾಗಿ ಇಟ್ಟನು. ಆ ಹೆಸರು ಅನ್ವರ್ಥವಾಯಿತು. ಬೇಗ ಬರೆದದ್ದು ಬೇಗ ಹರಡುತ್ತದೆ, ಸರಿಯಾದದ್ದೂ ಹರಡುತ್ತದೆ, ತಪ್ಪಾದದ್ದೂ ಹರಡುತ್ತದೆ.

ಹುಡುಗನು ಬರೆದಿದ್ದ ವಾಕ್ಯವನ್ನು ಕನ್ನಡದಲ್ಲಿ ಹೇಳುವುದಾದರೆ ಹೀಗೆ: 'ಹಳೇಬೀಡು ಪಶ್ಚಿಮ ಘಟ್ಟಗಳ ದಟ್ಟವಾದ ಜಂಗಲ್ಲಿನ ನಡುವೆ ಇರುವ, ಪ್ರಾಚೀನ ಹೊಯ್ಸಳ ಸಾಮ್ರಾಜ್ಯದ, ಕಳೆದುಹೋದ ನಗರ.'

ಅವನು ಬರೆಯುತ್ತಿದ್ದುದು 'ಅನ್‌ಚಾರ್ಟೆಡ್: ದ ಲಾಸ್ಟ್ ಲೆಗಸಿ' ಎಂಬ ಆಟವನ್ನು ಕುರಿತು. ಅಮೆರಿಕದ ನಾಟಿ ಡಾಗ್ ಸಂಸ್ಥೆಯವರು ರಚಿಸಿ ೨೦೧೭ರ ಆಗಸ್ಟ್ ತಿಂಗಳಲ್ಲಿ ಪ್ಲೇಸ್ಟೇಷನ್ ಯಂತ್ರಕ್ಕಾಗಿ ಹೊರತಂದ ಈ ಆಟದಲ್ಲಿ, ಕ್ಲೋಯಿ ಫ್ರೇಜರ್ ಎಂಬ, ತಂದೆಯ ಕಡೆಯಿಂದ ಭಾರತೀಯಳಾದ ಸಾಹಸಿಯೊಬ್ಬಳು ನೇಡೀನ್ ರಾಸ್ ಎಂಬ ಜೊತೆಗಾತಿಯೊಡನೆ ಗಣೇಶನ ದಂತವನ್ನು ಹುಡುಕುತ್ತ ಪಶ್ಚಿಮ ಘಟ್ಟಗಳನ್ನು ಹೊಗುತ್ತಾಳೆ; ಬಂಡಾಯಗಾರರ ನಾಯಕನಾದ ಆಸಾವ್ ಎಂಬವನೂ ಅದನ್ನೇ ಹುಡುಕುತ್ತಿರುತ್ತಾನೆ; ಹೊಯ್ಸಳರ ಹೆಸರು ಹೆಜ್ಜೆಹೆಜ್ಜೆಗೂ ಬರುತ್ತದೆ, ಹಳೇಬೀಡಿನ ಹೆಸರೂ ಬೇಲೂರಿನ ಹೆಸರೂ ಬರುತ್ತವೆ. ಕೆಸರುದಾರಿಯಲ್ಲಿ ಜೀಪು ಓಡಿಸಿಕೊಂಡು, ಜಲಪಾತಗಳನ್ನು ದಾಟಿಕೊಂಡು, ಪಾಳುಗೋಡೆಗಳನ್ನು ಹತ್ತಿಕೊಂಡು ಹೋಗುವ ಆ ಅಧ್ಯಾಯಕ್ಕೆ 'ಪಶ್ಚಿಮ ಘಟ್ಟಗಳು' ಎಂದೇ ಹೆಸರು.

ವಾಕ್ಯವನ್ನು ಓದಿದೊಡನೆ ನನ್ನಲ್ಲಿ ಮೊದಲು ಮೂಡಿದ್ದು ಸಂತೋಷ. ಕನ್ನಡ ನಾಡಿನ ಒಂದು ರಾಜವಂಶದ ಹೆಸರನ್ನು, ನಮ್ಮ ಭಾಷೆಯ ಗಂಧವೂ ಇಲ್ಲದ ದೇಶಗಳ ಮಕ್ಕಳು ಆಟದ ನೆವದಿಂದಲಾದರೂ ಉಚ್ಚರಿಸುತ್ತಾರಲ್ಲ ಎಂಬುದು ಸಾಮಾನ್ಯವಾದ ಸಂಗತಿಯಲ್ಲ. ಎರಡನೆಯ ಸಾರಿ ಓದಿದಾಗ ಮಾತ್ರ ಕಾಲಿಗೆ ಮುಳ್ಳು ಚುಚ್ಚಿದಂತಾಯಿತು. ಹತ್ತು ಹನ್ನೆರಡು ಪದಗಳ ಆ ಪುಟ್ಟ ವಾಕ್ಯದಲ್ಲಿ, ನಿಂತು ವಿಚಾರಿಸದೆ ಮುಂದೆ ಬಿಡಬಹುದಾದ ಪದ ಒಂದೆರಡು ಮಾತ್ರ ಇದ್ದುವು.

'ಪ್ರಾಚೀನ' ಎಂಬುದನ್ನೇ ಮೊದಲು ಎತ್ತಿಕೊಂಡೆವು. ಬೇಲೂರಿನ ಚೆನ್ನಕೇಶವನ ಪ್ರತಿಷ್ಠೆ ನಡೆದದ್ದು ವಿಷ್ಣುವರ್ಧನನ ಆಳ್ವಿಕೆಯಲ್ಲಿ, ೧೧೧೭ರಲ್ಲಿ. ಹಳೇಬೀಡಿನ ಹೊಯ್ಸಳೇಶ್ವರ ಅದಕ್ಕೆ ಕೆಲವೇ ವರ್ಷಗಳ ತರುವಾಯದ್ದು. ಸೋಮನಾಥಪುರದ ಕೇಶವ ದೇವಾಲಯ ಹದಿಮೂರನೆಯ ಶತಮಾನದ್ದು. ಪ್ಯಾರಿಸಿನ ನೋತ್ರ್ ದಾಮ್ ಚರ್ಚಿನ ಕಟ್ಟಡ ಪ್ರಾರಂಭವಾದದ್ದು ೧೧೬೩ರಲ್ಲಿ, ಎಂದರೆ ಚೆನ್ನಕೇಶವನು ಬೇಲೂರಿನಲ್ಲಿ ನೆಲೆಗೊಂಡು ನಾಲ್ವತ್ತಾರು ವರ್ಷ ಕಳೆದ ಮೇಲೆ. ಆದರೂ ಆ ಚರ್ಚನ್ನು ಕುರಿತು ಬರೆಯುವ ಯಾವ ವಿವೇಕಿಯೂ ಅದನ್ನು 'ಪ್ರಾಚೀನ' ಎನ್ನುವುದಿಲ್ಲ, ಮಧ್ಯಯುಗದ್ದೆಂದು ಸ್ಪಷ್ಟವಾಗಿ ಹೇಳಿ ಶತಮಾನವನ್ನೂ ಹೇಳುತ್ತಾನೆ. ಒಂದೇ ಶತಮಾನದಲ್ಲಿ ಹುಟ್ಟಿದ ಎರಡು ಕಟ್ಟಡಗಳಲ್ಲಿ ಯುರೋಪಿನದಕ್ಕೆ ಶತಮಾನದ ಲೆಕ್ಕವನ್ನೂ ಭಾರತದ್ದಕ್ಕೆ 'ಪ್ರಾಚೀನ' ಎಂಬ ಮಂಜನ್ನೂ ಕೊಡುವ ಈ ಅಭ್ಯಾಸ ಬಹಳ ದಿನಗಳಿಂದ ಬೇರೂರಿರುವುದು. ಬರೆಯುವವನಿಗೆ ದುರುದ್ದೇಶವಿರಬೇಕಾದುದಿಲ್ಲ, ಆ ವಿಶೇಷಣ ಲೇಖನಿಯ ತುದಿಯಲ್ಲಿ ತಾನಾಗಿ ಬಂದು ಕೂತಿರುತ್ತದೆ. ಆದರೆ ಓದಿದವನ ಮನಸ್ಸಿನಲ್ಲಿ ಹೊಯ್ಸಳರು ಕಾಲವಿಲ್ಲದವರಾಗುತ್ತಾರೆ, ಮೊಹೆಂಜೊದಾರೊ ಪಟ್ಟಣದವರ ನೆರೆಹೊರೆಯವರಾಗಿ ನಿಂತುಬಿಡುತ್ತಾರೆ. ಹುಡುಗನು ಒಂದು ಕ್ಷಣ ಯೋಚಿಸಿ ಆ ಪದವನ್ನು ಹೊಡೆದುಹಾಕಿದನು.

'ಸಾಮ್ರಾಜ್ಯ'ದ ಮಾತು ಅಷ್ಟು ಸುಲಭವಾಗಿ ಮುಗಿಯಲಿಲ್ಲ. ಕಲ್ಯಾಣದ ಚಾಲುಕ್ಯರಿಗೆ ಅಧೀನರಾಗಿದ್ದ ಹೊಯ್ಸಳರು ಸ್ವತಂತ್ರರೆಂದು ಸಾರಿಕೊಂಡದ್ದು ಇಮ್ಮಡಿ ಬಲ್ಲಾಳನ ಕಾಲದಲ್ಲಿ, ಹನ್ನೆರಡನೆಯ ಶತಮಾನದ ಕೊನೆಗೆ; ಆದುದರಿಂದ ಆ ಪದ ಅವರ ಚರಿತ್ರೆಯ ಯಾವ ಭಾಗಕ್ಕೆ ಸಲ್ಲುತ್ತದೆ, ಯಾವ ಭಾಗಕ್ಕೆ ಸಲ್ಲುವುದಿಲ್ಲ ಎಂಬುದನ್ನು ಬಿಡಿಸಿ ಹೇಳಬೇಕಾಗುತ್ತದೆ. ಆಟದಲ್ಲಿ ಆ ಪದವೇ ಬಳಕೆಯಲ್ಲಿರುವುದರಿಂದ ಅದನ್ನು ಹಾಗೆಯೇ ಉಳಿಸಿಕೊಂಡೆವು.

'ಜಂಗಲ್' ಎಂಬ ಪದದ ಚರಿತ್ರೆ ಮಾತ್ರ ನಿಜವಾಗಿಯೂ ವಿಲಕ್ಷಣವಾದದ್ದು. ಸಂಸ್ಕೃತದ 'ಜಾಂಗಲ'ದಿಂದ ಬಂದ ಪದ ಅದು. ನಮ್ಮ ಆಯುರ್ವೇದ ಗ್ರಂಥಗಳು ಭೂಮಿಯನ್ನು ಜಾಂಗಲ, ಅನೂಪ, ಸಾಧಾರಣ ಎಂದು ಮೂರು ಬಗೆಯಾಗಿ ವಿಂಗಡಿಸುವಾಗ, ಜಾಂಗಲವೆಂದರೆ ನೀರು ಕಡಿಮೆಯಾದ, ಮರಗಳು ವಿರಳವಾದ, ಗಾಳಿ ಬಿಸಿಲು ಹೆಚ್ಚಾದ ಒಣನೆಲ. ಆ ಪದ ಹಿಂದೂಸ್ತಾನಿಯ ಮೂಲಕ ಇಂಗ್ಲಿಷನ್ನು ಸೇರಿ, ಅಲ್ಲಿ ಒಣನೆಲದ ಅರ್ಥವನ್ನು ಬಿಟ್ಟು, ಕೊನೆಗೆ ಹಗಲೂ ಕತ್ತಲೆಯಾಗಿರುವ, ಜಿಗಣೆ ತುಂಬಿದ ಮಳೆಗಾಡಿನ ಹೆಸರಾಗಿ ನಿಂತಿತು. ಪದಗಳಿಗೆ ಅರ್ಥ ಬದಲಾಗುವುದು ತಪ್ಪೆಂದು ನಾನು ಹೇಳಲಾರೆ. ಇಂದಿನ ಇಂಗ್ಲಿಷಿನಲ್ಲಿ ಆ ಪದ ಬಳಸಿದವನು ಅಪರಾಧಿಯೂ ಅಲ್ಲ. ಆದರೆ ಹಳೇಬೀಡಿರುವ ನೆಲವನ್ನು ಕಣ್ಣಾರೆ ಕಂಡವರಿಗೆ ಇಲ್ಲಿ ಒಂದು ತೊಡಕು ಕಾಣದೆ ಇರದು. ತಾಪಿ ನದಿಯ ದಕ್ಷಿಣದಿಂದ ಕನ್ಯಾಕುಮಾರಿಯ ಸಮೀಪದವರೆಗೆ ಸುಮಾರು ೧,೬೦೦ ಕಿಲೋಮೀಟರ್ ಉದ್ದಕ್ಕೆ ಚಾಚಿಕೊಂಡಿರುವ ಸಹ್ಯಾದ್ರಿಯನ್ನು ಇಂಗ್ಲಿಷಿನವರು 'ಘಾಟ್ಸ್' ಎಂದರು. ನಮ್ಮಲ್ಲಿಯೋ, ಘಟ್ಟವೆಂದರೆ ಮೊದಲಿಗೆ ಹತ್ತಿ ಇಳಿಯುವ ದಾರಿ, ಆಮೇಲೆ ಆ ದಾರಿ ಇರುವ ಬೆಟ್ಟ. 'ಘಟ್ಟದ ಮೇಲಿನವರು', 'ಘಟ್ಟದ ಕೆಳಗಿನವರು' ಎಂದು ಜನರನ್ನೇ ವಿಂಗಡಿಸುವಷ್ಟು ಖಚಿತವಾದ ಮಾತು ಅದು. ಬೇಲೂರು ಮಲೆನಾಡಿನ ಸೆರಗಿನಲ್ಲಿರುವ ಊರು; ಅಲ್ಲಿಂದ ಹದಿನಾರು ಕಿಲೋಮೀಟರು ಮೂಡಲಿಗೆ ಬಂದರೆ ಹಳೇಬೀಡು, ಅಲ್ಲಿ ನೆಲ ಆಗಲೇ ಬಯಲಿಗೆ ತಿರುಗಿರುತ್ತದೆ. ಆಟದ ಹಳೇಬೀಡು ಜಲಪಾತಗಳ ನಡುವೆ ಕಾಡೊಳಗೆ ಇದೆ. ನಾಡಿನ ಹಳೇಬೀಡು ಕೆರೆಯ ಪಕ್ಕದಲ್ಲಿ ಹೊಲಗಳ ನಡುವೆ ಇದೆ.

ಇಲ್ಲಿಗೆ ಬಂದಾಗ ಹುಡುಗನು ಒಂದು ಪ್ರಶ್ನೆಯನ್ನು ಕೇಳಿದನು. ಆ ಪ್ರಶ್ನೆಯನ್ನು ನಾನು ಹಗುರವಾಗಿ ಕಾಣಲಾರೆ. ಆಟದ ಹಳೇಬೀಡು ಕಲ್ಪಿತವಾದದ್ದೇ ಆದ ಮೇಲೆ ಅದಕ್ಕೆ ಯಾವ ಪದ ಹಾಕಿದರೇನು, ಇಲ್ಲದ ಊರಿನ ವಿಷಯದಲ್ಲಿ ಸರಿ ತಪ್ಪು ಎಲ್ಲಿಂದ ಬರಬೇಕು ಎಂದನು ಅವನು. ಉತ್ತರವನ್ನು ಅವನ ಆಟಗಳಿಂದಲೇ ತೆಗೆದೆವು. ಸಂಪೂರ್ಣವಾಗಿ ಕಲ್ಪಿತವಾದ, ಭೂಮಿಯ ಮೇಲೆ ಎಲ್ಲಿಯೂ ಇಲ್ಲದ ಲೋಕಗಳನ್ನು ವರ್ಣಿಸುವವರೇ ಪದಗಳ ವಿಷಯದಲ್ಲಿ ಅತ್ಯಂತ ನಿಷ್ಠುರರು ಎಂಬುದು ನನಗೆ ಆ ಸಂಜೆ ತಿಳಿದುಬಂದಿತು.

೧೯೯೪ರಲ್ಲಿ ಮೊದಲಾದ 'ದಿ ಎಲ್ಡರ್ ಸ್ಕ್ರೋಲ್ಸ್' ಎಂಬ ಆಟಗಳ ಮಾಲೆಯಲ್ಲಿ ೨೦೧೧ರಲ್ಲಿ ಬಂದ 'ಸ್ಕೈರಿಮ್' ಬಹು ಪ್ರಸಿದ್ಧವಾದದ್ದು. ಅದನ್ನು ಆಡಿದವರು ಸಾಮಾನ್ಯವಾಗಿ 'ಸ್ಕೈರಿಮ್ ಎಂಬ ಲೋಕ' ಎನ್ನುತ್ತಾರೆ. ಆದರೆ ೧೯೯೫ರಿಂದ ಈ ಮಾಲೆಯ ಸಂಗತಿಗಳನ್ನು ಸಂಗ್ರಹಿಸುತ್ತ ಬಂದಿರುವ ಅಭಿಮಾನಿಗಳ ಕೋಶದಲ್ಲಿ ಆ ಮಾತು ಒಂದು ದಿನವೂ ನಿಲ್ಲಲಾರದು. ಸ್ಕೈರಿಮ್ ಎಂಬುದು ಒಂದು ಪ್ರಾಂತ. ಆ ಪ್ರಾಂತ ಟ್ಯಾಮ್ರಿಯೆಲ್ ಎಂಬ ಖಂಡದ ಉತ್ತರ ಭಾಗ. ಆ ಖಂಡವಿರುವುದು ನಿರ್ನ್ ಎಂಬ ಭೂಮಂಡಲದಲ್ಲಿ. ನಿರ್ನ್ ಇರುವುದು ಮುಂಡಸ್ ಎಂಬ ಮರ್ತ್ಯಲೋಕದಲ್ಲಿ. ಅದನ್ನೂ ಒಳಗೊಂಡದ್ದು ಔರ್ಬಿಸ್ ಎಂಬ ಸಮಸ್ತ ಬ್ರಹ್ಮಾಂಡ. ಇದನ್ನು ಹುಡುಗನು ಬೆರಳು ಮಡಿಸುತ್ತ ಹೇಳುತ್ತಿದ್ದಾಗ ನನಗೆ ವಡ್ಡಾರಾಧನೆಯ ಹತ್ತೊಂಬತ್ತು ಕಥೆಗಳು ನೆನಪಾದುವು. ಜಂಬೂದ್ವೀಪ, ಅದರೊಳಗೆ ಭರತಕ್ಷೇತ್ರ, ಅದರೊಳಗೆ ಇಂಥ ನಾಡು, ಆ ನಾಡಿನಲ್ಲಿ ಇಂಥ ಪೊಳಲು ಎಂದು ಹೊರಗಿನಿಂದ ಒಳಗೊಳಗೆ ಬಂದು, ಕೇಳುವವನ ಕಾಲು ನೆಲಕ್ಕೆ ಊರಿದ ಮೇಲೆಯೇ ನಮ್ಮ ಹಳೆಯ ಕಥೆಗಾರರು ಕಥೆಯನ್ನು ಎತ್ತುತ್ತಿದ್ದರು. ಶಾಸನಗಳನ್ನು ಬರೆಯಿಸಿದವರು ಅವರಿಗಿಂತಲೂ ಖಚಿತವಾಗಿ ಬನವಾಸಿ ೧೨೦೦೦, ಗಂಗವಾಡಿ ೯೬೦೦೦ ಎಂದು ನಾಡಿನ ಹೆಸರಿಗೆ ಸಂಖ್ಯೆಯನ್ನೇ ಜೋಡಿಸಿದರು. ಪ್ರಾಂತವನ್ನು ಲೋಕವೆಂದು ಕರೆಯುವುದು ಗಂಗವಾಡಿಯನ್ನು ಜಂಬೂದ್ವೀಪವೆಂದು ಕರೆದಂತೆ ಎಂದಾಗ ಹುಡುಗನಿಗೆ ಆ ಹೋಲಿಕೆ ಬಹಳ ಹಿಡಿಸಿತು.

ಕಾಲದ ತೊಡಕು ಇದಕ್ಕಿಂತ ಸೂಕ್ಷ್ಮವಾದದ್ದು. ಅದೇ ಮಾಲೆಯಲ್ಲಿ ಸೋಲ್‌ಸ್ಥೈಮ್ ಎಂಬ ಒಂದು ದ್ವೀಪವುಂಟು. ಅದು ಯಾವ ಪ್ರಾಂತಕ್ಕೆ ಸೇರಿದ್ದು ಎಂದು ಕೇಳಿದರೆ, ಯಾವ ಕಾಲದಲ್ಲಿ ಎಂದು ತಿರುಗಿ ಕೇಳಬೇಕು. ಏತಕ್ಕೆಂದರೆ ಆ ಲೋಕದ ನಾಲ್ಕನೆಯ ಯುಗದ ೧೬ನೆಯ ವರ್ಷದಲ್ಲಿ ಸ್ಕೈರಿಮಿನವರು ಆ ದ್ವೀಪವನ್ನು, ಅಗ್ನಿಪರ್ವತದ ಉತ್ಪಾತದಿಂದ ನೆಲೆಗೆಟ್ಟಿದ್ದ ಮೊರೋವಿಂಡಿನ ಜನಕ್ಕೆ ಬಿಟ್ಟುಕೊಟ್ಟರೆಂದು ಕಥೆಯೇ ಹೇಳುತ್ತದೆ. ೨೦೦೨ರ 'ಮೊರೋವಿಂಡ್' ಆಟದ ಕಥೆ ನಡೆಯುವುದು ಮೂರನೆಯ ಯುಗದ ೪೨೭ರಲ್ಲಿ, 'ಸ್ಕೈರಿಮ್' ಆಟದ್ದು ನಾಲ್ಕನೆಯ ಯುಗದ ೨೦೧ರಲ್ಲಿ. ಒಂದರ ಮಾತನ್ನು ಇನ್ನೊಂದಕ್ಕೆ ಅಂಟಿಸಿದರೆ ಎರಡೂ ಸುಳ್ಳಾಗುತ್ತವೆ. ಕನ್ನಡಿಗರಿಗೆ ಇದು ಹೊಸ ಪಾಠವೇನೂ ಆಗಬೇಕಾಗಿಲ್ಲ. ೧೯೫೦ರ ಬಳ್ಳಾರಿಯನ್ನು ಮೈಸೂರು ಸಂಸ್ಥಾನದ ಊರೆಂದೂ ೧೯೬೦ರ ಹಾಸನವನ್ನು ಕರ್ನಾಟಕ ರಾಜ್ಯದ ಊರೆಂದೂ ಬರೆದರೆ, ನಮ್ಮಲ್ಲಿ ಮದರಾಸು ಪ್ರಾಂತದ ಅಂಚೆಯ ಮುದ್ರೆಯನ್ನು ಕಂಡಿದ್ದ ಹಿರಿಯರು, ೧೯೭೩ರ ನವೆಂಬರ್ ಒಂದರ ಸಂಭ್ರಮವನ್ನು ನೆನಪಿಟ್ಟುಕೊಂಡಿರುವ ಹಿರಿಯರು, ಆ ಬರಹವನ್ನು ಅಲ್ಲಿಯೇ ಮಡಿಸಿಡುವರು.

ಜಂಗಲ್ಲಿನ ಜಗಳ ಆ ಲೋಕದಲ್ಲಿಯೂ ಇದೆ ಎಂದು ಹುಡುಗನು ಹೇಳಿದಾಗ ನನಗೆ ಆಶ್ಚರ್ಯವಾಯಿತು. ಸಿರೊಡೀಲ್ ಎಂಬ ಪ್ರಾಂತವನ್ನು ೧೯೯೮ರಲ್ಲಿ ಒಂದು ಆಟದೊಡನೆ ಕೊಟ್ಟ ಕೈಪುಸ್ತಕ ದಟ್ಟವಾದ ಉಷ್ಣವಲಯದ ಕಾಡೆಂದು ವರ್ಣಿಸಿತ್ತು. ೨೦೦೬ರ 'ಒಬ್ಲಿವಿಯನ್' ಆಟದಲ್ಲಿ ಅದೇ ಪ್ರಾಂತಕ್ಕೆ ಕಾಲಿಟ್ಟವರಿಗೆ ಕಂಡದ್ದು ಹುಲ್ಲುಗಾವಲು, ತಂಪುನಾಡಿನ ಮರಗಳು. ದೇವತ್ವಕ್ಕೇರಿದ ರಾಜನೊಬ್ಬನು ಕಾಡನ್ನೇ ಮಾರ್ಪಡಿಸಿದನೆಂದು ಕೆಲವರು, ಲಿಪಿಕಾರನು ತಪ್ಪಿ ಬರೆದನೆಂದು ಕೆಲವರು. ಇಂಥಲ್ಲಿ ಕೋಶಕಾರನು ಮಾಡತಕ್ಕದ್ದೇನು? ಯಾವುದನ್ನೋ ಒಂದನ್ನು ಆರಿಸಿ ನಿಜವೆಂದು ಸಾರುವುದಕ್ಕಿಂತ, ಯಾರು ಎಲ್ಲಿ ಏನು ಹೇಳಿದರು ಎಂಬುದನ್ನು ಅವರವರ ಹೆಸರಿನಲ್ಲಿಯೇ ನಿಲ್ಲಿಸುವುದು ಯೋಗ್ಯವಾದ ಮಾರ್ಗ. ನಮ್ಮ ತಾರ್ಕಿಕರು ಪ್ರತ್ಯಕ್ಷವನ್ನು ಬೇರೆ, ಶಬ್ದಪ್ರಮಾಣವನ್ನು ಬೇರೆ ಇಟ್ಟದ್ದು ಸುಮ್ಮನೆ ಅಲ್ಲ. ಆಟಗಾರನು ಪರದೆಯ ಮೇಲೆ ತಾನೇ ಕಂಡ ಹುಲ್ಲುಗಾವಲು ಪ್ರತ್ಯಕ್ಷ. ಆಟದೊಡನೆ ಬಂದ ಹೊತ್ತಗೆ ಹೇಳುವ ಕಾಡು ಶಬ್ದ. ಆ ಹೊತ್ತಗೆಯನ್ನು ಬರೆದ ಪಾತ್ರ ಆಪ್ತನೋ ಅಲ್ಲವೋ ಎಂಬುದು ಬೇರೆಯೇ ವಿಚಾರ.

ಇನ್ನೊಂದು ಉದಾಹರಣೆ ಸಣ್ಣದು, ಆದರೆ ನನಗೆ ಬಹಳ ಪ್ರಿಯವಾದದ್ದು. ೧೯೯೮ರ 'ಹಾಫ್ ಲೈಫ್' ಆಟದ ಕೊನೆಗೆ ನಾಯಕನು ಜ಼ೆನ್ ಎಂಬ ಸ್ಥಳವನ್ನು ತಲಪುತ್ತಾನೆ. ಅಲ್ಲಿ ಶೂನ್ಯದಲ್ಲಿ ತೇಲುವ ಬಂಡೆಗಳು, ವಿಚಿತ್ರವಾದ ಪ್ರಾಣಿಗಳು. ಆಡಿದವರಲ್ಲಿ ಅನೇಕರು ಅದನ್ನು ಗ್ರಹವೆಂದು ಕರೆದುಬಿಡುತ್ತಾರೆ. ಆದರೆ ಕಥೆ ಅದನ್ನು ಎರಡು ಲೋಕಗಳ ನಡುವಣ ಗಡಿಯ ಲೋಕವೆಂದು ಕರೆಯುತ್ತದೆ. ಮುಂದಿನ ಆಟದಲ್ಲಿ ವಿಜ್ಞಾನಿಗಳು ಅದನ್ನು ಬಳಸಿಕೊಂಡು ಒಂದೆಡೆಯಿಂದ ಇನ್ನೊಂದೆಡೆಗೆ ಜಿಗಿಯುವ ಉಪಾಯವೆಲ್ಲ ಆ 'ಗಡಿ' ಎಂಬ ಒಂದು ಮಾತಿನ ಮೇಲೆಯೇ ನಿಂತಿದೆ. 'ಗ್ರಹ' ಎಂದು ಬರೆದವನು ಒಂದು ಪದವನ್ನು ಬದಲಿಸಿ ಕಥೆಯ ಕೀಲನ್ನೇ ಕಳಚಿದಂತಾಯಿತು. ಹನ್ನೊಂದನೆಯ ಶತಮಾನದ ಕಾಶ್ಮೀರದಲ್ಲಿದ್ದ ಕ್ಷೇಮೇಂದ್ರನು ಕಾವ್ಯದಲ್ಲಿ ಔಚಿತ್ಯವು ನೆಲಸುವ ಇಪ್ಪತ್ತೇಳು ಸ್ಥಾನಗಳನ್ನು ಎಣಿಸಿದಾಗ, ದೇಶಕ್ಕೊಂದು ಸ್ಥಾನವನ್ನೂ ಕಾಲಕ್ಕೊಂದು ಸ್ಥಾನವನ್ನೂ ವಿಶೇಷಣಕ್ಕೊಂದು ಸ್ಥಾನವನ್ನೂ ಕೊಟ್ಟು, ಹೆಸರಿಗೂ ಬೇರೆಯಾಗಿ ಒಂದು ಸ್ಥಾನವನ್ನು ಕೊಟ್ಟನು. ಅವನು ಮಾತಾಡುತ್ತಿದ್ದುದು ಕವಿಗಳ ಕಲ್ಪಿತ ಲೋಕವನ್ನು ಕುರಿತೇ ಅಲ್ಲವೆ? ಹೊರಗೆ ಹೋಗಿ ಅಳೆದು ನೋಡಲು ನೆಲವಿಲ್ಲದಿರುವುದರಿಂದಲೇ ಕಲ್ಪಿತ ಲೋಕಕ್ಕೆ ಪದದ ಹೊರತು ಬೇರೆ ಆಧಾರವಿಲ್ಲ. ಹಳೇಬೀಡನ್ನು ಯಾರಾದರೂ ತಪ್ಪಾಗಿ ವರ್ಣಿಸಿದರೆ ಬಸ್ಸು ಹತ್ತಿ ಹೋಗಿ ನೋಡಬಹುದು, ಜ಼ೆನ್‌ಗೆ ಬಸ್ಸಿಲ್ಲ.

ನಾವು ನಿಜವಾಗಿಯೂ ಬಸ್ಸು ಹತ್ತಿದೆವು. ಅವನ ರಜೆಯ ಎರಡನೆಯ ಭಾನುವಾರ ಹಾಸನಕ್ಕೆ ಹೋಗಿ, ಅಲ್ಲಿಂದ ಬೆಳಗಿನ ಬಸ್ಸಿನಲ್ಲಿ ಹಳೇಬೀಡಿಗೆ ಬಂದಿಳಿದೆವು. ಹಾಸನದಲ್ಲಿಯೇ ಬೆಳೆದ ಹುಡುಗನಾದುದರಿಂದ ಅವನು ಆ ಗುಡಿಯನ್ನು ನೋಡಿರಲಿಲ್ಲವೆಂದಲ್ಲ. ಆದರೆ ಶಾಲೆಯ ಪ್ರವಾಸದಲ್ಲಿ ಸಾಲಾಗಿ ನಡೆದು ನೋಡಿದ್ದುದಕ್ಕೂ, ಒಂದು ವಾಕ್ಯವನ್ನು ಕೈಯಲ್ಲಿ ಹಿಡಿದು ಅದರ ಪದಪದವನ್ನೂ ಒರೆಗೆ ಹಚ್ಚುವುದಕ್ಕಾಗಿ ನೋಡುವುದಕ್ಕೂ ಅಂತರವುಂಟು. ಹೊಯ್ಸಳೇಶ್ವರದ ಹೊರಗೋಡೆಯ ಬುಡದಲ್ಲಿ, ಎಲ್ಲಕ್ಕಿಂತ ಕೆಳಗೆ, ಆನೆಗಳ ಸಾಲು ಗೋಡೆಯ ಕೋನಕೋನದಲ್ಲಿಯೂ ತಿರುಗಿ ಹರಿಯುತ್ತದೆ. ಅದರ ಮೇಲೆ ಸಿಂಹಗಳು, ಅದರ ಮೇಲೆ ಬಳ್ಳಿ, ಕುದುರೆಯ ಸವಾರರು, ಇನ್ನೂ ಮೇಲೆ ಕಥೆಗಳು, ಮಕರಗಳು, ಹಂಸಗಳು. ಹುಡುಗನು ಮೊಣಕಾಲೂರಿ ಕುಳಿತು ಒಂದು ಆನೆಯ ಪಕ್ಕದಲ್ಲಿ ತನ್ನ ಮುಂಗೈಯನ್ನು ಹಿಡಿದನು. ಆನೆ ಅವನ ಮುಂಗೈಯ ಎತ್ತರಕ್ಕೆ ಬರಲಿಲ್ಲ. ಅದರ ಕೊರಳ ಗಂಟೆಯನ್ನೂ, ಸೊಂಡಿಲ ಮಡಿಕೆಯನ್ನೂ, ಮುಂದಿನ ಆನೆಯ ಬಾಲಕ್ಕೆ ತಾಗುವಂತಿದ್ದ ದಂತದ ತುದಿಯನ್ನೂ ಅವನು ಬಹಳ ಹೊತ್ತು ನೋಡುತ್ತಿದ್ದು, ಆಟದಲ್ಲಿ ವಿಗ್ರಹಗಳು ಬೆಟ್ಟದಷ್ಟು ದೊಡ್ಡವು, ಇಲ್ಲಿ ಎಲ್ಲವೂ ಎಷ್ಟು ಚಿಕ್ಕವು ಎಂದನು. ಅವನ ದನಿಯಲ್ಲಿ ನಿರಾಶೆಯಿರಲಿಲ್ಲ. ಹೊಯ್ಸಳ ಶಿಲ್ಪಿಯ ಹಿರಿಮೆ ಗಾತ್ರದಲ್ಲಿಲ್ಲ. ಅಗೆದಾಗ ಮೆತ್ತಗಿದ್ದು ಗಾಳಿಗೆ ಗಟ್ಟಿಯಾಗುವ ಬಳಪದ ಕಲ್ಲಿನಲ್ಲಿ ಅಕ್ಕಸಾಲೆಯಂತೆ ಕೆಲಸ ಮಾಡಿದುದರಲ್ಲಿದೆ. ಆಟದ ಆ ಭವ್ಯವಾದ ಕಟ್ಟಡಗಳನ್ನು 'ಹೊಯ್ಸಳ ಶೈಲಿಯವು' ಎಂದು ಬರೆಯುವುದು ಹೇಗೆ ಎಂಬ ಶಂಕೆ ಅಲ್ಲಿಯೇ ಹುಟ್ಟಿ, 'ಹೊಯ್ಸಳರು ಕಟ್ಟಿದುವೆಂದು ಆಟ ಹೇಳುವ' ಎಂಬ ಮಾತು ಅಲ್ಲಿಯೇ ದೊರೆಯಿತು. ಶೈಲಿಯ ಹೆಸರೂ ತಾನಾಗಿ ಬಂದುದಲ್ಲವಷ್ಟೆ. ೧೮೭೬ರಲ್ಲಿ ಭಾರತದ ವಾಸ್ತುಶಿಲ್ಪದ ಚರಿತ್ರೆಯನ್ನು ಬರೆದ ಜೇಮ್ಸ್ ಫರ್ಗುಸನ್ ಇದೇ ಗುಡಿಗಳನ್ನು 'ಚಾಲುಕ್ಯ' ಶೈಲಿಗೆ ಸೇರಿಸಿದ್ದನು. ಅವುಗಳನ್ನು ಕಟ್ಟಿಸಿದವರ ಹೆಸರು ಅವುಗಳಿಗೆ ಸಂದದ್ದು ಆಮೇಲೆ.

ಗುಡಿಯ ಸಮೀಪದ ಕೆರೆಯ ಏರಿಯ ಮೇಲೆ ಕುಳಿತಾಗ ಊರಿನ ಹೆಸರಿನ ಮಾತು ಬಂದಿತು. ಬೀಡು ಎಂದರೆ ಅರಸನ ದಂಡು ಬಿಟ್ಟ ನೆಲೆ, ಅವನ ವಾಸಸ್ಥಾನ. ಹಳೇಬೀಡೆಂದರೆ ಹಿಂದೊಮ್ಮೆ ಅರಸನಿದ್ದ, ಈಗ ಬಿಟ್ಟುಹೋದ ನೆಲೆ. ಆ ಊರಿನಲ್ಲಿ ಹೊಯ್ಸಳರು ಆಳುತ್ತಿದ್ದಾಗ, ಬೀದಿಗಳಲ್ಲಿ ಬಣಜಿಗರೂ ಬಸದಿಗಳಲ್ಲಿ ಮುನಿಗಳೂ ತುಂಬಿದ್ದಾಗ, ಅದನ್ನು ಹಳೇಬೀಡೆಂದು ಯಾರು ಕರೆದಾರು? ತೊಟ್ಟಿಲಲ್ಲಿರುವ ಕೂಸನ್ನು ಮುದುಕನೆಂದು ಕರೆಯುವವರುಂಟೇ? ಅಂದಿನ ಹೆಸರು ದೋರಸಮುದ್ರ. ದೊಡ್ಡ ಕೆರೆಗೆ ಸಮುದ್ರವೆಂಬ ಹೆಸರು ನಮ್ಮ ಶಾಸನಗಳಲ್ಲಿ ಸಾಮಾನ್ಯವಾದದ್ದು. ನಾವು ಕಾಲು ಇಳಿಬಿಟ್ಟು ಕುಳಿತಿದ್ದ ನೀರೇ ಆ ಹೆಸರಿನೊಳಗೆ ಇತ್ತು. ೧೩೧೧ರಲ್ಲಿ ಮಲಿಕ್ ಕಾಫರನ ಸೈನ್ಯ ಬಂದು, ತರುವಾಯ ದೆಹಲಿಯ ದಂಡು ಮತ್ತೊಮ್ಮೆ ಬಂದು, ಹದಿನಾಲ್ಕನೆಯ ಶತಮಾನದ ನಡುವೆ ಆ ವಂಶವೇ ಮುಗಿದ ಮೇಲೆ, ಉಳಿದ ಜನ ಆ ನೆಲೆಯನ್ನು ನೋಡಿ ಆಡಿದ ಮಾತು ಈ ಹೆಸರು. ಹೀಗೆ ಹಳೇಬೀಡೆಂಬ ನಾಲ್ಕು ಅಕ್ಷರಗಳಲ್ಲಿ ಒಂದು ರಾಜಧಾನಿ ಬಿದ್ದ ಕಥೆ ಅಡಗಿದೆ. ಇಂದಿನ ಪಾಳನ್ನು ಆ ಹೆಸರಿನಿಂದ ಕರೆದರೆ ತಪ್ಪಿಲ್ಲ. ಹನ್ನೆರಡನೆಯ ಶತಮಾನದ ಅರಸನು ಹಳೇಬೀಡನ್ನು ಕಟ್ಟಿಸಿದನೆಂದು ಬರೆದರೆ, ಆ ಪದವೇ ಎದ್ದುನಿಂತು ಬರೆದವನನ್ನು ಅಲ್ಲಗಳೆಯುತ್ತದೆ.

'ಕಳೆದುಹೋದ ನಗರ' ಎಂಬ ಮಾತನ್ನು ಕುರಿತು ನಾನು ಏನನ್ನೂ ಹೇಳಬೇಕಾಗಲಿಲ್ಲ. ಏರಿಯ ಮೇಲಿಂದ ಬಸ್ ನಿಲ್ದಾಣ ಕಾಣುತ್ತಿತ್ತು. ಕೆರೆಯ ಅಂಚಿನಲ್ಲಿ ಒಬ್ಬಾಕೆ ಬಟ್ಟೆ ಒಗೆಯುತ್ತಿದ್ದಳು. ಎಳನೀರಿನವನು ನಮ್ಮನ್ನು ಎರಡು ಸಾರಿ ಕೂಗಿದ್ದನು. ಹುಡುಗನು ಇವೆಲ್ಲವನ್ನೂ ನೋಡಿ, ಯಾರಿಗೆ ಕಳೆದುಹೋಗಿತ್ತು ಎಂದು ಮೆಲ್ಲಗೆ ಕೇಳಿದನು. ೨೦೨೩ರಲ್ಲಿ ಯುನೆಸ್ಕೊ ಬೇಲೂರು, ಹಳೇಬೀಡು, ಸೋಮನಾಥಪುರದ ಗುಡಿಗಳನ್ನು ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿದಾಗಲೂ ಅವನ್ನು ಯಾರೂ ಹೊಸದಾಗಿ ಕಂಡುಹಿಡಿಯಲಿಲ್ಲ. ಬೇಲೂರಿನ ಚೆನ್ನಕೇಶವನಿಗೆ ಇಂದಿಗೂ ಪೂಜೆ ನಡೆಯುತ್ತಿದೆ.

ಒಂದು ಪದ ತಪ್ಪಾದರೆ ಏನು ಮಹಾ ಆಗುತ್ತದೆ ಎನ್ನುವವರಿಗೆ ನಾನು ಉಕ್ಕಿನ ಕಥೆಯನ್ನು ಹೇಳುವೆನು. ದಕ್ಷಿಣ ಭಾರತದ ಮೂಸೆಯ ಉಕ್ಕು ಹದಿನೆಂಟನೆಯ ಶತಮಾನದ ಕೊನೆಗೆ ಇಂಗ್ಲೆಂಡಿನ ವಿದ್ವಾಂಸರ ಕೈಸೇರಿದಾಗ, ೧೭೯೫ರಲ್ಲಿ ಜಾರ್ಜ್ ಪಿಯರ್ಸನ್ ಎಂಬಾತನು ಲಂಡನ್ನಿನ ರಾಯಲ್ ಸೊಸೈಟಿಯ ಮುಂದೆ ಅದನ್ನು ಕುರಿತು ಒಂದು ಪ್ರಬಂಧವನ್ನು ಮಂಡಿಸಿದನು. ಅದರಲ್ಲಿ ಆ ಲೋಹಕ್ಕಿದ್ದ ಹೆಸರು 'ವೂಟ್ಸ್'. ನಮ್ಮ 'ಉಕ್ಕು' ಎಂಬ ಮಾತು ಇಂಗ್ಲಿಷಿನ ಕಿವಿಗೆ 'ವೂಕ್' ಎಂದು ಬಿದ್ದು, ಅದನ್ನು ಬರೆದುಕೊಳ್ಳುವಾಗಲೋ ಅಚ್ಚು ಹಾಕುವಾಗಲೋ ಒಂದು ಅಕ್ಷರ ಪಲ್ಲಟವಾಗಿ 'ವೂಟ್ಸ್' ಆಯಿತೆಂದು ವಿದ್ವಾಂಸರು ಸಾಮಾನ್ಯವಾಗಿ ಒಪ್ಪುತ್ತಾರೆ. ಯಾವ ಭಾಷೆಯಲ್ಲಿಯೂ ಇಲ್ಲದಿದ್ದ ಆ ಪದ ಅಂದಿನಿಂದ ಲೋಹಶಾಸ್ತ್ರದ ಗ್ರಂಥಗಳಲ್ಲಿ ನೆಲೆಯೂರಿತು. 'ಏಜ್ ಆಫ್ ಎಂಪೈರ್ಸ್' ಎಂಬ ಆಟದ ಎರಡನೆಯ ಭಾಗಕ್ಕೆ ೨೦೨೨ರಲ್ಲಿ ಭಾರತದ ರಾಜವಂಶಗಳ ಕಥೆಯನ್ನು ಸೇರಿಸಿದಾಗ, 'ದ್ರಾವಿಡರು' ಎಂಬ ಪಂಗಡಕ್ಕೆ ಕೊಟ್ಟ ವಿಶೇಷ ವಿದ್ಯೆಗಳಲ್ಲಿ ಒಂದರ ಹೆಸರು 'ವೂಟ್ಸ್' ಉಕ್ಕು. ಉಕ್ಕನ್ನು ಕರಗಿಸಿದವರ ಬಾಯಿಯ ಮಾತು ಇನ್ನೂರ ಇಪ್ಪತ್ತೇಳು ವರ್ಷ ತಿರುಗಿ, ಗುರುತು ಸಿಕ್ಕದ ವೇಷದಲ್ಲಿ, ಅವರ ಮೊಮ್ಮಕ್ಕಳ ಮೊಮ್ಮಕ್ಕಳ ಆಟಕ್ಕೆ ಬಂದು ಸೇರಿತು. ಅದನ್ನು ಮೊದಲು ಬರೆದುಕೊಂಡವನು ಒಂದು ಕ್ಷಣ ನಿಂತು ಮತ್ತೊಮ್ಮೆ ಕೇಳಿದ್ದರೆ ಎಂದು ನಾನು ಎಷ್ಟೋ ಸಾರಿ ಅಂದುಕೊಂಡಿದ್ದೇನೆ.

ಮೈಸೂರಿಗೆ ಹಿಂತಿರುಗಿದ ಮೇಲೆ ವಾಕ್ಯವನ್ನು ಪುನಃ ಬರೆದೆವು. ಕಲ್ಪಿತ ಲೋಕದ ಸಂಗತಿಯನ್ನು ವರ್ಣಿಸುವುದಕ್ಕೆ ವಿಕಿಗಳಲ್ಲಿ ಎರಡು ಸಂಪ್ರದಾಯಗಳುಂಟು. ವಿಕಿಪೀಡಿಯ ಹೊರಗೆ ನಿಂತು, ಇದು ಇಂಥ ಕೃತಿಯಲ್ಲಿ ಬರುವ ಸ್ಥಳ ಎಂಬ ಎಚ್ಚರದಿಂದಲೇ ಎಲ್ಲವನ್ನೂ ಬರೆಯಬೇಕೆನ್ನುತ್ತದೆ. ಸ್ಟಾರ್ ಟ್ರೆಕ್ ಮತ್ತು ಸ್ಟಾರ್ ವಾರ್ಸ್ ಕಥೆಗಳ ಅಭಿಮಾನಿಗಳು ಕಟ್ಟಿದ ಮೆಮರಿ ಆಲ್ಫಾ, ವೂಕೀಪೀಡಿಯ ಎಂಬ ಕೋಶಗಳು ಕಥೆಯ ಒಳಗೆ ನಿಂತು, ಅಲ್ಲಿನ ಚರಿತ್ರಕಾರನಂತೆ ಬರೆದು, ಹೊರಗಿನ ಸಂಗತಿಗಳಿಗೆ ಪುಟದ ಕೊನೆಯಲ್ಲಿ ಪ್ರತ್ಯೇಕವಾದ ಒಂದು ವಿಭಾಗವನ್ನು ಮೀಸಲಿಡುತ್ತವೆ. ಲೋಕದಲ್ಲಿ ಎಲ್ಲಿಯೂ ಇಲ್ಲದ ಗ್ರಹಗಳಿಗೆ ಈ ಎರಡನೆಯ ಮಾರ್ಗ ಚೆನ್ನಾಗಿ ಒಪ್ಪುತ್ತದೆಂದು ನನ್ನ ಅಭಿಪ್ರಾಯ. ಆದರೆ ಜನ ಬದುಕುತ್ತಿರುವ ಊರಿನ ಹೆಸರನ್ನು ಹೊತ್ತ ಕಲ್ಪಿತ ನಗರಕ್ಕೆ ಅದು ಸಾಲದು. ಅಲ್ಲಿ ಕಲ್ಪನೆ ಎಲ್ಲಿ ಮೊದಲಾಯಿತೆಂಬುದನ್ನು ಮೊದಲ ವಾಕ್ಯದಲ್ಲಿಯೇ ಗುರುತಿಸಿ ಹೇಳಬೇಕು, ಏತಕ್ಕೆಂದರೆ ಅವಸರದಲ್ಲಿರುವ ಓದುಗನು ಕೊನೆಯ ವಿಭಾಗದವರೆಗೆ ಬರುವುದಿಲ್ಲ. ನಮ್ಮ ವಾಕ್ಯ ಕೊನೆಗೆ ಹೀಗಾಯಿತು: 'ಈ ಆಟದಲ್ಲಿ ಹಳೇಬೀಡು ಎಂದು ಕರೆಯಲಾಗಿರುವುದು, ಹೊಯ್ಸಳ ಸಾಮ್ರಾಜ್ಯದವರು ಕಟ್ಟಿದ್ದೆಂದು ಪಾತ್ರಗಳು ಹೇಳುವ, ಪಶ್ಚಿಮ ಘಟ್ಟಗಳ ಮಳೆಗಾಡಿನೊಳಗಿನ ಒಂದು ಪಾಳುನಗರ; ಕರ್ನಾಟಕದ ಹಾಸನ ಜಿಲ್ಲೆಯಲ್ಲಿರುವ, ಹನ್ನೆರಡನೆಯ ಶತಮಾನದ ದೇವಾಲಯಕ್ಕೆ ಪ್ರಸಿದ್ಧವಾದ ಊರಿನ ಹೆಸರನ್ನು ಇದಕ್ಕೆ ಇಡಲಾಗಿದೆ.' ಮೊದಲಿನದಕ್ಕಿಂತ ಉದ್ದವಾಯಿತು, ಮೊದಲಿನ ಮೋಹಕತೆಯೂ ಇದಕ್ಕಿಲ್ಲ. ಆದರೆ ಇದರ ಯಾವ ಪದದ ಮೇಲೆ ಬೆರಳಿಟ್ಟರೂ ಹುಡುಗನು ಅದಕ್ಕೆ ಕಾರಣವನ್ನು ಹೇಳಬಲ್ಲವನಾಗಿದ್ದನು.

ಹುಡುಗನು ಆ ವಾಕ್ಯವನ್ನು ಆಟದ ವಿಕಿಯಲ್ಲಿ ಹಾಕಿದ ಎರಡು ದಿನಗಳ ಮೇಲೆ ಯಾವುದೋ ದೂರದೇಶದ, ಹೆಸರು ತಿಳಿಯದ ಒಬ್ಬ ಅಭಿಮಾನಿ ಆ ಪುಟದಲ್ಲಿ 'ಪ್ರಾಚೀನ' ಎಂಬ ಪದವನ್ನು ಪುನಃ ತಂದು ಸೇರಿಸಿದ್ದನು. ಹುಡುಗನು ಕೋಪಿಸಿಕೊಳ್ಳದೆ, ಅದನ್ನು ತೆಗೆದು, ಕಾರಣವನ್ನು ಬರೆಯುವ ಜಾಗದಲ್ಲಿ ೧೧೧೭ರ ಪ್ರತಿಷ್ಠೆಯ ಸಂಗತಿಯನ್ನು ಬರೆದನು. ಆ ರಾತ್ರಿಯೇ ಉತ್ತರ ಬಂದಿತು. ತಾನು ಹೀಗೆಂದು ಅರಿತಿರಲಿಲ್ಲ, ತಿದ್ದುಪಡಿ ಸರಿಯಾಗಿದೆ ಎಂದು ಒಪ್ಪಿಕೊಂಡು, ಆ ಮನುಷ್ಯನು ಒಂದು ಪ್ರಶ್ನೆಯನ್ನೂ ಕೇಳಿದ್ದನು: ಹಾಗಾದರೆ ಜನ ತುಂಬಿದ್ದ ಕಾಲದಲ್ಲಿ ಆ ನಗರಕ್ಕೆ ಏನೆಂದು ಹೆಸರು?

ಹುಡುಗನು ದೋರಸಮುದ್ರ ಎಂದು ಬರೆಯಹೊರಟವನು ಥಟ್ಟನೆ ನಿಂತನು. ಅವನ ಶಾಲೆಯ ಪುಸ್ತಕದಲ್ಲಿ ದ್ವಾರಸಮುದ್ರ ಎಂದಿತ್ತು. ನಾನು ಏರಿಯ ಮೇಲೆ ಕುಳಿತು ಹೇಳಿದ್ದುದು ದೋರಸಮುದ್ರ. ಸಂಸ್ಕೃತ ಮಾಡಿ ಬರೆದುದು ಯಾವುದು, ಊರವರು ಆಡಿದ್ದು ಯಾವುದು, ಕಲ್ಲಿನ ಮೇಲೆ ಏನಿದೆ ಎಂದು ನನ್ನ ಮುಖವನ್ನು ನೋಡಿದನು. ಗಂಟೆ ಹತ್ತು ಮೀರಿತ್ತು. ನಾನು ಎದ್ದು, ಬೀರುವಿನ ಮೇಲಿನ ಅಂತಸ್ತಿನಿಂದ, ರೈಸರು ೧೯೦೨ರಲ್ಲಿ ಪ್ರಕಟಿಸಿದ ಹಾಸನ ಜಿಲ್ಲೆಯ ಶಾಸನಗಳ ಸಂಪುಟವನ್ನು ಇಳಿಸಿ, ಧೂಳು ಒರಸಿ, ಅವನ ಮುಂದೆ ತೆರೆದಿಟ್ಟೆನು. ಬೇಲೂರಿನ ಶಾಸನಗಳ ಮೊದಲ ಪುಟದಿಂದ ಇಬ್ಬರೂ ಓದಲು ತೊಡಗಿದೆವು.